ಹೊಸದುರ್ಗದಿಂದ ಚಿತ್ರದುರ್ಗಕ್ಕೆ ಒಂದು ಟ್ರಂಕ್ ಕಾಲ್

ಎತ್ತಪ್ಪನಿಗೆ ತಾನು ಹೊಸದುರ್ಗಕ್ಕೆ ವರ್ಗವಾಗಿ ಬಂದ ತಾರೀಖು ನೆನಪಿರಲಿಲ್ಲ. ಇದೇನು ಅಂಥ ಅಪರಾಧವಲ್ಲ. ಮದುವೆಯ ತಾರೀಖೇ ನೆನಪಿಲ್ಲದ ಗಂಡಸರು ಅವನ ಸರ್ಕಾರಿ ಕಚೇರಿಯಲ್ಲಿ ನಾಲ್ವರಿದ್ದರು. ಆದರೆ ಎಪ್ಪತ್ತಾರನೆಯ ಇಸವಿಯ ಆಯುಧಪೂಜೆ ಕಳೆದ ಮರುವಾರ, ಹೆಡ್ ಗುಮಾಸ್ತ ಬೋರಪ್ಪ ಒಂದು ಸುತ್ತೋಲೆಯನ್ನು ಮೂಗಿಗೆ ತಾಗಿಸಿಕೊಂಡು ಓದಿದ ಮೇಲೆ, ಆ ಮರೆವು ಎತ್ತಪ್ಪನ ಕುತ್ತಿಗೆಗೆ ಬಂತು.

“ಸೆಪ್ಟೆಂಬರ್ ಕೊನೆಗೆ ಒಂದೇ ಊರಾಗೆ ಐದು ವರ್ಷ ತುಂಬಿದೋರ್ನ ಎತ್ತಂಗಡಿ ಮಾಡ್ತಾರಂತೆ. ಇವತ್ತು ಐದು ಗಂಟೆಗೆ ಚಿತ್ರದುರ್ಗದ ಜಿಲ್ಲಾ ಕಚೇರಿಯಾಗೆ ಪಟ್ಟಿ ಮುಗಿಸ್ತಾರೆ. ನೀನು ಬಂದಿದ್ದು ಯಾವಾಗ ಎತ್ತಪ್ಪ?”

“ಎಪ್ಪತ್ತೊಂದ್ರಾಗೆ. ಮಳೆ ಬರ್ತಿತ್ತು, ಹಾಸಿಗೆ ನೆಂದಿತ್ತು.”

“ಸೆಪ್ಟೆಂಬರ್ ಮಳೆನೋ, ಅಕ್ಟೋಬರ್ ಮಳೆನೋ?”

ಎತ್ತಪ್ಪನ ಹೆಂಡತಿ ಏಕಾಂತಮ್ಮ ಹೊಸದುರ್ಗದಲ್ಲೇ ಶಾಲೆಯ ಟೀಚರು. ಮದುವೆಯಾದ ಮೊದಲ ಆರು ವರ್ಷ ಅವಳು ಇಲ್ಲಿ, ಇವನು ಹಿರಿಯೂರಿನ ಒಂದು ಕೋಣೆಯಲ್ಲಿ ಸೀದ ಅನ್ನ ತಿಂದುಕೊಂಡು ಇದ್ದವನು. ಈಗ ಬಿಸಿ ಮುದ್ದೆ, ಎದುರಿಗೆ ಕೂತು ಬಡಿಸುವ ಹೆಂಡತಿ, ಬೈದರೂ ಹತ್ತಿರದಿಂದಲೇ ಬೈಯುವ ಭಾಗ್ಯ. ಇದನ್ನೆಲ್ಲ ಬಿಟ್ಟು ಮತ್ತೆ ಆ ಕೋಣೆಗೆ ಹೋಗುವುದೆಂದರೆ ಅವನಿಗೆ ಅಳುವೇ ಬಂತು.

“ಕಚೇರಿ ಹಳೇ ಹಾಜರಿ ಪುಸ್ತಕ ಗೆದ್ದಲು ತಿಂದೈತೆ,” ಎಂದ ಬೋರಪ್ಪ, ಗೆದ್ದಲಿನ ಪರವಾಗಿ ತಾನೇ ಕ್ಷಮೆ ಕೇಳುವವನಂತೆ. “ನಿನ್ನ ಸೇವಾ ಪುಸ್ತಕ ಚಿತ್ರದುರ್ಗದ ದಾಖಲೆ ಕೋಣೆಯಾಗೆ ಇರ್ತೈತೆ. ಫೋನ್ ಹಚ್ಚು. ಐದು ವರ್ಷ ತುಂಬಿಲ್ಲ ಅಂದ್ರೆ ಅಲ್ಲೇ ಹೇಳಿ ನಿನ್ನ ಹೆಸರು ತೆಗೆಸ್ಬಿಡು.”

ಎತ್ತಪ್ಪ ಬೀದಿ ತುದಿಯ ಟೆಲಿಫೋನ್ ಎಕ್ಸ್‌ಚೇಂಜಿಗೆ ತಾನೇ ಓಡಿ, ಆಪರೇಟರ್ ಶಿವಗಂಗಮ್ಮನ ಎದುರು ನಿಂತು ಅರ್ಜೆಂಟ್ ಟ್ರಂಕ್ ಕಾಲ್ ಬರೆಸಿ ಬಂದ. ಅರ್ಜೆಂಟ್ ಕಾಲ್ ಎರಡೇ ಗಂಟೆಯಲ್ಲಿ ಸಿಕ್ಕಿತು. ಆ ಕಡೆಯಿಂದ ದಾಖಲೆ ಕೋಣೆಯ ಗಂಗಾಧರಪ್ಪನವರ ದನಿ ಪಕ್ಕದ ಮೇಜಿನಿಂದ ಬಂದಷ್ಟು ಸ್ಪಷ್ಟವಾಗಿ ಕೇಳಿತು.

“ಹಲೋ, ಯಾರ್ರಿ?”

“ನಾನು ಎತ್ತಪ್ಪ ಸಾರ್, ಹೊಸದುರ್ಗದಿಂದ.”

“ಹಲೋ? ಯಾರ್ರಿ ಮಾತಾಡ್ರಿ. ಫೋನ್ ಮಾಡಿ ಸುಮ್ನೆ ಕುಂತ್ಕಂಡ್ರೆ ಹೆಂಗೆ?”

ಎತ್ತಪ್ಪ ಕೂಗಿದ. ಬೀದಿಯಲ್ಲಿ ಹೋಗುತ್ತಿದ್ದ ಎಮ್ಮೆ ನಿಂತು ನೋಡಿತು. ಗಂಗಾಧರಪ್ಪನವರಿಗೆ ಮಾತ್ರ ಕೇಳಲಿಲ್ಲ. ಅವರು ಹೊಸದುರ್ಗದ ಸಮಸ್ತರಿಗೂ ಅನ್ವಯಿಸುವಂಥ ಒಂದು ಮಾತು ಹೇಳಿ ಫೋನ್ ಇಟ್ಟರು.

ಇಡೀ ಕಚೇರಿ ಕೆಲಸ ಬಿಟ್ಟು, ಅಂದರೆ ಮಾಡದ ಕೆಲಸವನ್ನೂ ಬಿಟ್ಟು, ಎತ್ತಪ್ಪನ ಸುತ್ತ ನೆರೆಯಿತು. ಫೋನಿನ ವಿಷಯದಲ್ಲಿ ಅಲ್ಲಿ ಪಂಡಿತನಲ್ಲದವನು ಎತ್ತಪ್ಪ ಒಬ್ಬನೇ. ಒಬ್ಬರು ಫೋನಿನ ವೈರು ಗಂಟು ಬಿದ್ದಿದೆ, ಮಾತು ಸಿಕ್ಕಿಕೊಂಡಿದೆ ಎಂದು ಬಿಡಿಸಿದರು. ಇನ್ನೊಬ್ಬರು ಮೇಜನ್ನು ಪೂರ್ವಕ್ಕೆ ತಿರುಗಿಸಿದರು. ಬೋರಪ್ಪ ಮಾತ್ರ ಎಕ್ಸ್‌ಚೇಂಜಿಗೆ ಹೋಗಿ ಶಿವಗಂಗಮ್ಮನನ್ನೇ ವಿಚಾರಿಸಿದ.

“ಹೊಳಲ್ಕೆರೆ ತನಕ ನಂಗೆ ಚೆನ್ನಾಗಿ ಕೇಳ್ತೈತ್ರಿ,” ಎಂದಳು ಅವಳು. “ಆಚೆಗೂ ಗಂಟೆ ಹೋಗ್ತೈತೆ. ತಂತಿ ಸರಿಯಾಗೈತೆ.”

“ಅವಳು ಹಂಗೇ ಅಂತಾಳೆ,” ಎಂದು ಬೋರಪ್ಪ ವಾಪಸು ಬಂದು ತೀರ್ಪು ಕೊಟ್ಟ. “ಊರಾಚೆ ಕಂಬಕ್ಕೆ ಕುರಿಯೋರು ಏನಾರ ಕಟ್ಟಿರ್ತಾರೆ. ಬರೋ ಮಾತು ಬರ್ತೈತೆ, ಹೋಗೋ ಮಾತಿಗೆ ಅಡ್ಡ. ಸೈಕಲ್ ತಗಂಡು ನೋಡ್ಕಂಡು ಬಾ.”

ಮೂರು ಗಂಟೆಯ ಬಿಸಿಲಿನಲ್ಲಿ ಎತ್ತಪ್ಪ ಕಂಬ ಎಣಿಸುತ್ತ ಹೋದ. ಹನ್ನೊಂದನೆಯ ಕಂಬದ ಆಧಾರದ ತಂತಿಯ ಮೇಲೆ ನಿಜವಾಗಿಯೂ ಒಂದು ಒದ್ದೆ ಕಂಬಳಿ ಒಣಗುತ್ತಿತ್ತು. ಕೆಳಗೆ ಕುರಿ ಕಾಯುವ ಚಿತ್ತಪ್ಪ ಕೂತಿದ್ದ.

“ಕಂಬಳಿ ತೆಗಿಯಪ್ಪ, ನನ್ನ ಸಂಸಾರ ಹಾಳಾಗ್ತೈತೆ.”

ಚಿತ್ತಪ್ಪ ಕಂಬಳಿಯನ್ನೂ ಎತ್ತಪ್ಪನನ್ನೂ ಒಮ್ಮೆ ನೋಡಿದ. “ಕಂಬ ನೆಟ್ಟಾಗಿಂದ ಇಲ್ಲೇ ಒಣಗಾಕ್ತೀನಿ. ಯಾರ ಸಂಸಾರನೂ ಹಾಳಾಗಿಲ್ಲ. ಅದು ಕಂಬ ಬೀಳದಂಗೆ ಕಟ್ಟಿರೋ ತಂತಿ, ಮಾತು ಹೋಗೋ ತಂತಿ ಮ್ಯಾಲೈತೆ ನೋಡ್ರಿ.”

ಎಸ್ಸೆಲ್ಸಿ ಪಾಸಾದ ಎತ್ತಪ್ಪ ಮೇಲಿನ ತಂತಿಯನ್ನೊಮ್ಮೆ ನೋಡಿ ಸೈಕಲ್ ತಿರುಗಿಸಿದ. ಅವನು ಬೆವರಿಳಿಸಿಕೊಂಡು ವಾಪಸು ಬರುವಾಗ ನಾಲ್ಕು ಗಂಟೆ ಮೀರಿತ್ತು.

ಕಚೇರಿಯಲ್ಲಿ ಜವಾನ ನಿಂಗಪ್ಪ ತಲೆ ಕೆರೆದುಕೊಳ್ಳುತ್ತ ನಿಂತಿದ್ದ. “ಸಾರ್, ಒಂದು ಮಾತು. ಆಯುಧಪೂಜೆ ದಿವ್ಸ ಎಲ್ಲಾ ಸಾಮಾನಿಗೂ ಒಂದೊಂದು ಬೊಟ್ಟು ಇಟ್ಟೆ. ಈ ಫೋನಿಗೆ ಮಾತಾಡೋ ಕಡೆ ಅಷ್ಟೊಂದು ತೂತು ಅವೆ. ಒಂದಕ್ಕಿಟ್ಟು ಒಂದು ಬಿಟ್ರೆ ಚೆನ್ನಾಗಿರಲ್ಲ ಅಂತ ಎಲ್ಲಾದಕ್ಕೂ ಕುಂಕುಮ ತುಂಬಿದೆ.”

“ಅಷ್ಟೇನಾ?” ಎಂದ ಬೋರಪ್ಪ.

“ಮ್ಯಾಲೆ ವಿಭೂತಿ ಕಲಸಿ ಮೆತ್ತಿದೆ, ಉದುರಬಾರ್ದು ಅಂತ.”

ವಾರದಿಂದ ಯಾರೂ ಗಮನಿಸಿರಲಿಲ್ಲ, ಏಕೆಂದರೆ ಕಚೇರಿಯ ಸಾಹೇಬರು ಫೋನಿನಲ್ಲಿ ಬೈಸಿಕೊಳ್ಳುವುದೇ ಹೆಚ್ಚು, ಮಾತಾಡುವ ಸಂದರ್ಭ ಕಡಿಮೆ. ಮುಚ್ಚಳ ತಿರುಗಿಸಿ ತಟ್ಟಿದಾಗ ಒಂದು ಚಮಚೆ ಕುಂಕುಮವೂ ಒಂದು ಹೂವಿನ ಎಸಳೂ ಉದುರಿದವು. ಎತ್ತಪ್ಪ ಈ ಸಲ ಅರ್ಜೆಂಟಿಗಿಂತಲೂ ಬೇಗ ಸಿಗುವ ಲೈಟ್ನಿಂಗ್ ಕಾಲ್ ಕೇಳಿದ. ಅದರ ದರ ಸಾಧಾರಣ ಕಾಲಿನ ಎಂಟು ಪಟ್ಟು. ಆದರೆ ಸೀದ ಅನ್ನದ ವಾಸನೆ ಆಗಲೇ ಮೂಗಿಗೆ ಬಡಿಯುತ್ತಿತ್ತು.

ಐದಕ್ಕೆ ಹತ್ತು ನಿಮಿಷವಿರುವಾಗ ಗಂಗಾಧರಪ್ಪನವರು ಸಿಕ್ಕರು. ಅವರಿಗೂ ಕೇಳಿಸಿತು.

“ನೀವು ಎತ್ತಪ್ಪನೇ ಅಂತ ನಾನು ಹೆಂಗೆ ನಂಬ್ಲಿ? ಯಾರ್ಯಾರಿಗೋ ದಾಖಲೆ ಕೊಡಕ್ಕಾಗಲ್ಲ. ತಡೀರಿ, ಪುಸ್ತಕ ಹುಡುಕ್ತೀನಿ.” ಒಂದು ನಿಮಿಷ ಕಪಾಟಿನ ಬಾಗಿಲು ಕಿರುಗುಟ್ಟಿದ ಸದ್ದು. “ಹ್ಞಾ, ಸಿಕ್ತು. ನಿಮ್ಮ ಮೈಮೇಲಿನ ಗುರುತು ಯಾವುದು ಹೇಳ್ರಿ.”

ಎತ್ತಪ್ಪ ಪಿಸುಗುಟ್ಟಿದ.

“ಕೇಳಿಸ್ಲಿಲ್ಲ.”

“ಎಡಗಡೆ ಕುಂಡಿ ಮೇಲೆ ಕರಿ ಮಚ್ಚೆ,” ಎಂದು ಎತ್ತಪ್ಪ ಕೂಗಿದ. ಲೈನಿನಲ್ಲಿ ಶಿವಗಂಗಮ್ಮ ಕೆಮ್ಮಿದಳು.

“ಸರಿಯಾಗೈತೆ. ಹೊಸದುರ್ಗಕ್ಕೆ ಹಾಜರಾಗಿದ್ದು ಎಪ್ಪತ್ತೊಂದು, ಸೆಪ್ಟೆಂಬರ್ ಇಪ್ಪತ್ತೊಂಬತ್ತು. ಸೆಪ್ಟೆಂಬರ್ ಕೊನೆಗೆ ಐದು ವರ್ಷದ ಮೇಲೆ ಒಂದು ದಿನ ಆಗೈತೆ.”

ಎತ್ತಪ್ಪ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. “ಹಂಗಾದ್ರೆ ಪಟ್ಟಿಯಾಗೆ ನನ್ನ ಹೆಸರು ಐತಾ ಸಾರ್?”

“ಇರ್ಲಿಲ್ಲ. ನಿಮ್ಮ ಪುಸ್ತಕ ಯಾವನೋ ನಿವೃತ್ತರಾದೋರ ಕಪಾಟಿಗೆ ಸೇರಿಸ್ಬಿಟ್ಟಿದ್ದ. ನೀವು ಕೇಳ್ದೆ ಇದ್ದಿದ್ರೆ ನಿಜವಾಗಿ ನಿವೃತ್ತಿ ಆಗೋತನಕ ಅಲ್ಲೇ ಇರ್ತಿತ್ತು. ಪಟ್ಟಿಗೆ ಈಗಲೇ ಮೊಹರು ಹಾಕೋನಿದ್ದೆ, ಒಳ್ಳೇ ಟೈಮಿಗೆ ಫೋನ್ ಮಾಡಿದ್ರಿ. ಹೆಸರು ಬರ್ಕಂಡಿದೀನಿ. ಹಿರಿಯೂರಾಗೆ ಒಂದು ಜಾಗ ಖಾಲಿ ಐತೆ, ನಿಮಗೆ ಹಳೇ ಊರು ಅಂತ ಬರೆದೈತೆ ಇಲ್ಲಿ. ಸಂತೋಷ ತಾನೇ?”

ಎತ್ತಪ್ಪ ಬಾಯಿ ತೆರೆದ. ಶಿವಗಂಗಮ್ಮ, “ಮೂರು ನಿಮಿಷ ಆತ್ರಿ,” ಎಂದಳು. ಲೈನ್ ಹೋಯಿತು.

ಅವನು ಫೋನ್ ಇಟ್ಟು ಬೋರಪ್ಪನ ಕಡೆ ತಿರುಗಿದ. “ನೀವು ಈ ಊರಿಗೆ ಬಂದು ಎಷ್ಟು ವರ್ಷ ಆತು ಬೋರಪ್ಪನೋರೆ?”

“ಹನ್ನೊಂದು,” ಎಂದ ಬೋರಪ್ಪ, ಸುತ್ತೋಲೆಯನ್ನು ಫೈಲಿಗೆ ಸೇರಿಸುತ್ತ. “ನನ್ನ ಪುಸ್ತಕನೂ ಯಾವ ಕಪಾಟಿನಾಗೆ ಐತೋ ಏನೋ. ನಾನು ಒಂದಿನಾನೂ ಕೇಳಕ್ಕೆ ಹೋಗಿಲ್ಲಪ್ಪ.”