ಮೂರು ಗಂಟೆಯ ಹೂಕೋಸು

ನಮ್ಮ ಜಿಲ್ಲೆಯಲ್ಲಿ ಮಳೆ ಎಲ್ಲಿ ಬೀಳಬೇಕೆಂದು ನಿರ್ಧರಿಸುವವನು ಇಳಕಲ್ಲಿನ ನನ್ನ ಷಡ್ಡಕ. ಅವನು ಎಲ್ಲಿ ಬೀಳುವುದಿಲ್ಲ ಎನ್ನುತ್ತಾನೋ ಅಲ್ಲಿ ಬೀಳುತ್ತದೆ!

ನನ್ನ ಹೆಂಡತಿಯ ತಂಗಿಯ ಗಂಡ ಅವನು; ಸೀರೆ ನೇಯುತ್ತಾನೆ. ಜೀವವೆಲ್ಲ ಮುಗಿಲಿನ ಮೇಲೆ. ಬಿರುಗಾಳಿ ಹುಟ್ಟುವುದರ ಬಗ್ಗೆ ಅವನದೇ ಒಂದು ಸಿದ್ಧಾಂತವಿದೆ. ಬೇಸಿಗೆಯಲ್ಲಿ ಬಾಗಲಕೋಟೆಯ ಹಿನ್ನೀರು ಕಾದು, ಹಬೆ ಎದ್ದು, ಮುಗಿಲಲ್ಲಿ ಒಂದು ಮೋಡದ ಹೂಕೋಸು ಮೂಡುತ್ತದಂತೆ. ಅದು ಬೆಳೆದು, ತಲೆ ಚಪ್ಪಟೆಯಾಗಿ ಕಮ್ಮಾರನ ಅಡಿಗಲ್ಲಿನಂತಾಯಿತೋ, ಮುಗಿಯಿತು! ಮೊದಲು ಧೂಳು, ಆಮೇಲೆ ಗಾಳಿ, ಗುಡುಗು, ಆಣೆಕಲ್ಲು. ಎಲ್ಲವೂ ಹುನಗುಂದ ದಾಟಿ ನೇರ ಅವನ ಮನೆಗೇ ಬರುತ್ತವಂತೆ. ದಾರಿಯಲ್ಲಿ ಬೇರೆ ಮನೆಗಳಿಲ್ಲವೇನು? ನಾನು ಹೈಸ್ಕೂಲು ಓದಿದವನು. ಕಾದ ಗಾಳಿ ಮೇಲೇರುತ್ತದೆ ಎಂದು ನನಗೂ ಗೊತ್ತು. ಆದರೆ ನಮ್ಮ ಪುಸ್ತಕದಲ್ಲಿ ಹೂಕೋಸು ಇರಲಿಲ್ಲ.

ನಾನಿರುವುದು ಬಾಗಲಕೋಟೆಯಲ್ಲಿ. ಮಾಳಿಗೆ ಹತ್ತಿದರೆ ಹಿನ್ನೀರು ಕಾಣುತ್ತದೆ. ಹಾಗಾಗಿ ನಾನೇ ಅವನ ಕಾವಲುಗಾರ! ಬೇಸಿಗೆ ಬಂತೆಂದರೆ ದಿನಾ ಮೂರು ಗಂಟೆಗೆ ಫೋನು.

“ಅಣ್ಣಾ, ಹೂಕೋಸು ಎದ್ದೈತೇನು?”

“ಎದ್ದೈತಿ.”

“ಬಣ್ಣಾ?”

“ಬುಡದಾಗ ಕರ್ರಗಾಗೇತಿ ನೋಡು.”

ಒಮ್ಮೆ ಇದನ್ನು ಸಂತೆಯ ನಡುವೆ ನಿಂತು ಹೇಳಿಬಿಟ್ಟೆ. ಕಾಯಿಪಲ್ಲೆ ಮಾರುವ ಹೆಂಗಸು ಎದ್ದೇ ನಿಂತಳು. “ಯಜಮಾನ್ರ, ಮುಂಜಾನಿ ಕಿತ್ತಿದ್ದೈತ್ರಿ! ಎಲ್ಲೈತಿ ಕರ್ರಗ, ತೋರಸ್ರಿ!” ಮರ್ಯಾದೆಗೆ ಒಂದನ್ನು ಕೊಂಡು ಮನೆಗೆ ಬಂದೆ.

ಗುಳೇದಗುಡ್ಡದಲ್ಲಿ ಬಳಗದ ಹುಡುಗಿಯೊಬ್ಬಳ ನಿಶ್ಚಿತಾರ್ಥ. ಇವನು ಮುಗಿಲು ನೋಡಿ, “ಇವತ್ತ ಒಂದ ಹನಿ ಬಿದ್ರ ನನ್ನ ಮೀಸಿ ಬೋಳಸ್ರಿ” ಎಂದು ಸಾರಿ, ಪೆಂಡಾಲಿಗೆ ಹೊದಿಸಿದ್ದ ತಾಡಪತ್ರಿ ಬಿಚ್ಚಿಸಿದ. ಎರಡನೆಯ ಹೋಳಿಗೆ ಬಡಿಸುವ ಹೊತ್ತಿಗೆ ಆಣೆಕಲ್ಲು! ಬೀಗರೆಲ್ಲ ತಲೆಯ ಮೇಲೆ ತಾಟು ಹಿಡಿದು ಓಡಿದರು. ಇವನು ಬೊಗಸೆ ತುಂಬ ಆಣೆಕಲ್ಲು ಆರಿಸಿ ಮಜ್ಜಿಗೆಯ ಕೊಡಕ್ಕೆ ಹಾಕುತ್ತಿದ್ದ.

“ಮೀಸಿ ಎಲ್ಲಿಟ್ಟಿ ಲೇ?” ಎಂದೆ.

“ನಾ ಹನಿ ಅಂದಿದ್ದೆ ಅಣ್ಣಾ. ಇದು ಕಲ್ಲು!”

ನೇಕಾರರು ಸೀರೆಯ ಹಾಸಿನ ನೂಲನ್ನು ಓಣಿಯುದ್ದಕ್ಕೂ ಎಳೆದು ಕಟ್ಟಿ, ಗಂಜಿ ಹಚ್ಚಿ ಒಣಗಿಸುತ್ತಾರೆ. ಬುದ್ಧಿ ನೆಟ್ಟಗಿದ್ದವರು ಮುಂಜಾನೆಯೇ ಮುಗಿಸುತ್ತಾರೆ. ಇವನು ಮಾತ್ರ ಮಧ್ಯಾಹ್ನ, ಮೋಡ ಏಳುವ ಹೊತ್ತಿಗೆ! ಕೇಳಿದರೆ, “ಮುಂಜಾನಿ ಮುಗಿಲು ಮಲಗಿರತೈತಿ. ಮಲಗಿದವರ ಜೋಡಿ ಏನ್ ಕುಸ್ತಿ?” ಎನ್ನುತ್ತಾನೆ.

ಇನ್ನು ನನ್ನ ಪಾಪ ಹೇಳಿಬಿಡುತ್ತೇನೆ. ಹೆಂಡತಿ ತೀರಿಕೊಂಡ ಮೇಲೆ ಮಧ್ಯಾಹ್ನ ಮಂಚ ಬಿಟ್ಟು ಏಳುವುದೇ ನನಗೆ ಬೇಡವಾಗಿತ್ತು. ಹೋದ ಬೇಸಿಗೆಯಲ್ಲಿ ಒಂದು ದಿನ ಅವನು ಫೋನು ಮಾಡಿದಾಗ, ಗೋಡೆಯ ಕಡೆ ಮುಖ ಮಾಡಿ ಮಲಗಿದ್ದವನು ಮಲಗಿದ್ದಲ್ಲಿಂದಲೇ, “ಮುಗಿಲು ತೊಳದಿಟ್ಟಂಗ ಐತಿ” ಎಂದೆ. ಸಂಜೆಯೊಳಗೆ ಇಳಕಲ್ಲಿನಲ್ಲಿ ಅವನ ಹಾಸು ತೊಯ್ದು, ಗಂಜಿಯೆಲ್ಲ ಗಟಾರಕ್ಕೆ ಹರಿಯಿತು.

ಅಂದಿನಿಂದ ಫೋನು ನಿಂತಿತು. ಈ ಬೇಸಿಗೆಯಲ್ಲೂ ಬರಲಿಲ್ಲ. ಮೂರಕ್ಕೆ ಎದುರು ನೋಡುತ್ತೇನೆ, ನಾಲ್ಕಾಗುತ್ತದೆ. ಈಗ ಯಾರೂ ಕೇಳದಿದ್ದರೂ ಮಾಳಿಗೆ ಹತ್ತತೊಡಗಿದೆ! ಹಿನ್ನೀರಿನ ಮೇಲೆ ಹೂಕೋಸು ಏಳುತ್ತದೆ, ಬೆಳೆಯುತ್ತದೆ. ಯಾರಿಗೆ ಹೇಳಲಿ?

ತಡೆಯಲಾರದೆ ಇಳಕಲ್ಲಿನ ಬಸ್ಸು ಹತ್ತಿದೆ. ನಾದಿನಿ ಬಾಗಿಲಲ್ಲೇ ದೂರು ತೆಗೆದಳು. “ಬರ್ರಿ ಮಾವಾರ. ಹೊಸಾ ಫೋನ್ ತಂದಾರ. ಅದರಾಗ ಮಳಿ ಕಾಣತೈತಂತ!” ನನ್ನ ಕೆಲಸ ಹೋಯಿತಲ್ಲ!

ಅವನೆದುರು ಕೂತು ಹೇಳಿಬಿಟ್ಟೆ. “ಆವತ್ತ ನಾ ಮುಗಿಲು ನೋಡಿರಲಿಲ್ಲೋ. ಮಂಚದ ಮ್ಯಾಲಿಂದ ಸುಳ್ಳ ಹೇಳಿದೆ. ತಪ್ಪಾತು.”

ಅವನು ಫೋನಿನಿಂದ ಕಣ್ಣು ತೆಗೆಯಲಿಲ್ಲ. “ನನಗೇನ್ ಕಣ್ಣಿಲ್ಲೇನು? ಇಲ್ಲೂ ಕರ್ರಗ ಕವದಿತ್ತು. ಅಣ್ಣ ಹೇಳ್ಯಾನ ಅಂತ ಹಾಸು ಬಿಚ್ಚಲಿಲ್ಲ.”

ನಾನು ನೆಲ ನೋಡುತ್ತಲೇ ಕೇಳಿದೆ.

“ಮತ್ತ ಫೋನ್ ಯಾಕ ಬಿಟ್ಟಿ?”

“ಏಳಾಕ ಮನಸ್ಸಿಲ್ಲದವನ್ನ ದಿನಾ ಎಬ್ಬಿಸೂದು ಪಾಪ ಅನಿಸ್ತು.”

ಚಹಾ ತಂದ ನಾದಿನಿಗೆ ಇದಾವುದೂ ಬೇಕಿರಲಿಲ್ಲ. “ನಿನ್ನೆ ಧೋ ಅಂತ ಮಳಿ ಮಾವಾರ, ಹಿತ್ತಲದಾಗ ಒಣಾಕ ಹಾಕಿದ್ದ ಅರಿಬಿ ಎಲ್ಲಾ ತೊಯ್ದುವು. ಇವರು ‘ಮಳಿ ಇಲ್ಲ, ಮಳಿ ಇಲ್ಲ’ ಅಂತ ಕುಂತಾರ! ಕೈಯಾಗಿಂದ ಕಸಗೊಂಡು ನೋಡಿದ್ರ, ಫೋನಿನಾಗ ಇಳಕಲ್ಲ ಇಲ್ಲ. ಬಾಗಲಕೋಟಿ ಹಾಕ್ಕೊಂಡಾರ. ದಿನಾ ಬಾಗಲಕೋಟಿನ!”

ಅವನು ಫೋನನ್ನು ಅಂಗಿಯ ಕಿಸೆಗೆ ತುರುಕಿದ. “ಹುಟ್ಟೂದು ಅಲ್ಲಿ. ಅಲ್ಲೇ ನೋಡಬೇಕಲ್ಲ?” ಎಂದ. ಅವನ ಕಿವಿ ಕೆಂಪಾಗಿತ್ತು.

ಬಾಗಲಕೋಟೆಗೆ ಮರಳಿದ ಮರುದಿನ ಮೂರು ಗಂಟೆಗೆ ಫೋನು ಬಂತು. ನಾನು ಆಗಲೇ ಮಾಳಿಗೆಯ ಮೇಲಿದ್ದೆ.

“ಅಣ್ಣಾ, ಹೂಕೋಸು ಎದ್ದೈತೇನು?”

ಹಿನ್ನೀರಿನ ಈ ದಂಡೆಯಿಂದ ಆ ದಂಡೆಯವರೆಗೆ ಮುಗಿಲು ಬರಿದು. ಒಂದು ಎಳೆ ಮೋಡವೂ ಇರಲಿಲ್ಲ.

“ತಡಿ,” ಎಂದೆ, “ಎಲ್ಲಾ ಕಡೆ ನೋಡಿ ಹೇಳ್ತೇನಿ.”

ಅವನು ಫೋನು ಇಡದೆ ಕಾದ.