ಆಟೋದಲ್ಲಿ ಬಂದ ಸಂತ ಜೋಸೆಫರು

ನಮ್ಮ ದೊಡ್ಡಮ್ಮ ಸ್ವರ್ಗದ ಬಾಗಿಲು ತಟ್ಟುವ ದಿನ ಅಲ್ಲಿನ ಸಂತರೆಲ್ಲ ಹಿತ್ತಲ ಕಡೆಯಿಂದ ಓಡಿಹೋಗುವುದು ಖಂಡಿತ! ಪಾಲಿಬೆಟ್ಟದ ಹತ್ತಿರದ ನಮ್ಮೂರ ಚರ್ಚಿನಲ್ಲಿ ಮೂವತ್ತು ವರ್ಷದಿಂದ ಪ್ರತಿ ಶನಿವಾರ ಅವರ ಮುಖ ಒರೆಸುತ್ತ, ಜೊತೆಗೇ ಬೈಯುತ್ತ ಬಂದವಳು ಅವಳೇ ತಾನೆ?

ಚರ್ಚು ದೊಡ್ಡದೇನಲ್ಲ. ಮರದ ಮುಚ್ಚಿಗೆ, ಎರಡು ಸಾಲು ಕಮಾನು, ಬಣ್ಣದ ಗಾಜಿನ ಕಿಟಕಿ, ಗೋಡೆಯ ಗೂಡುಗಳಲ್ಲಿ ಆರು ಸಂತರ ಪ್ರತಿಮೆ. ಕಳೆದದ್ದನ್ನು ಹುಡುಕಿಕೊಡುವ ಸಂತ ಅಂತೋಣಿಯವರ ಮುಂದೆ ಒಮ್ಮೆ, “ನನ್ನ ಕೊಡೆ ಎಲ್ಲಿ? ಸುಮ್ನೆ ನಿಂತ್ರೆ ಆಯ್ತಾ?” ಎಂದು ಗದರಿದಳು. ಕೊಡೆ ಅವರ ತೋಳಿನಲ್ಲೇ ನೇತಾಡುತ್ತಿತ್ತು. ಸಿಕ್ಕಿಸಿದವಳು ಇವಳೇ!

ಮೈತುಂಬ ಬಾಣ ಚುಚ್ಚಿಸಿಕೊಂಡ ಸಂತ ಸೆಬಾಸ್ಟಿಯನ್ನರ ಗಾಯಗಳಿಗಂತೂ ಅರಿಸಿನ ಹಚ್ಚಿಬಿಟ್ಟಿದ್ದಳು. ಕೇಳಿದರೆ, “ಇಷ್ಟು ವರ್ಷ ಒಬ್ಬರಾದ್ರೂ ಏನಾದ್ರೂ ಹಚ್ಚಿದ್ರಾ?” ಎಂದಳು.

ಹೋದ ವರ್ಷ ಹೊಸ ಫಾದರ್ ಬಂದರು. ಬಡಗಿಗಳ ಸಂತ ಜೋಸೆಫರ ನಾಲ್ಕಡಿ ಪ್ರತಿಮೆಯ ಬಲಗೈಯಲ್ಲಿ ಎರಡು ಬೆರಳು ಮುರಿದಿದ್ದವು. ಅದನ್ನು ಹಳೇ ಬೆಂಚುಗಳ ಜೊತೆ ಗೋಡೌನಿಗೆ ಹಾಕಿ, ಥಳಥಳ ಹೊಳೆಯುವ ಫೈಬರ್ ಜೋಸೆಫರನ್ನು ಗೂಡಿನಲ್ಲಿ ನಿಲ್ಲಿಸಿದರು.

“ಬೆರಳು ಹೋದವರನ್ನ ಮೂಲೆಗೆ ಹಾಕ್ತಾರಾ, ಫಾದರ್?”

“ನೋಡೋಕೆ ಚೆನ್ನಾಗಿರಲ್ಲ ಅಮ್ಮ.”

ದೊಡ್ಡಮ್ಮ ಆಟೋ ಕರೆದಳು. ಗೋಡೌನಿನಿಂದ ಹಳೇ ಜೋಸೆಫರನ್ನು ಹುಡುಗರ ಕೈಲಿ ಎತ್ತಿಸಿ, ಶಾಲು ಹೊದಿಸಿ, ಪಕ್ಕದಲ್ಲಿ ಒರಗಿಸಿಕೊಂಡಳು.

“ಅಜ್ಜನಿಗೆ ಹುಷಾರಿಲ್ವಾ ಅಮ್ಮ?” ಎಂದ ಡ್ರೈವರ್.

“ಕೈಗೆ ಪೆಟ್ಟು. ಮೆಲ್ಲ ಹೋಗಪ್ಪ, ಮುಂದೆ ಹೊಂಡ ಉಂಟು.”

ಪ್ರತಿಮೆ ನಮ್ಮ ಜಗಲಿಯಲ್ಲಿ ನಿಂತಿತು. ಸುದ್ದಿ ಕಾಫಿ ಎಸ್ಟೇಟಿನ ಕೂಲಿಯವರ ಲೈನ್ ಮನೆಗಳಿಗೆ ಹಬ್ಬಿದ್ದೇ ತಡ, ಹಣ್ಣಿನ ಪಿಕ್ಕಿಂಗ್ ಮುಗಿಸಿದ ಹೆಂಗಸರು ಮೇಣದಬತ್ತಿ ಹಿಡಿದು ನಮ್ಮಲ್ಲಿಗೇ ಬರತೊಡಗಿದರು. ಚರ್ಚಿನ ಹೊಸ ಜೋಸೆಫರ ಮುಂದೆ ಒಂದು ಬತ್ತಿಯೂ ಉರಿಯಲಿಲ್ಲ!

ಮೂರನೇ ಭಾನುವಾರ ಫಾದರ್ ಬಂದೇಬಿಟ್ಟರು. ಇವತ್ತು ಯುದ್ಧವೇ ಎಂದು ನಾನು ಬಾಗಿಲ ಹಿಂದೆ ಸರಿದೆ. ದೊಡ್ಡಮ್ಮ ಸೆರಗು ಸಿಕ್ಕಿಸಿ ಸಿದ್ಧಳಾದಳು. ಆದರೆ ಅವರು ಅವಳ ಕಡೆ ನೋಡಲೇ ಇಲ್ಲ. ಪ್ರತಿಮೆಯ ಮುಂದೆ ಕುಳಿತು ಆ ಮುರಿದ ಕೈಯನ್ನು ಹಿಡಿದುಕೊಂಡರು. ತುಂಬ ಹೊತ್ತು ಬಿಡಲಿಲ್ಲ.

“ನಮ್ಮಪ್ಪನೂ ಬಡಗಿ,” ಎಂದರು. “ಗರಗಸಕ್ಕೆ ಎರಡು ಬೆರಳು ಹೋಗಿತ್ತು. ಶಾಲೆಗೆ ಬಂದ್ರೆ ಆ ಕೈನ ಜೇಬಲ್ಲಿ ಇಟ್ಕೊಳ್ಳಿ ಅಂತಿದ್ದೆ. ಇಟ್ಕೊಂಡೇ ಬರ್ತಿದ್ರು.”

ದೊಡ್ಡಮ್ಮ ಸಿಕ್ಕಿಸಿದ್ದ ಸೆರಗನ್ನು ಕೆಳಗೆ ಬಿಟ್ಟಳು.

“ಇವರು ಹೀಗೇ ವಾಪಸ್ ಬರ್ಲಿ. ಅದೇ ಗೂಡಿಗೆ,” ಎಂದರು ಫಾದರ್.

“ಬರ್ತಾರೆ,” ಎಂದಳು ದೊಡ್ಡಮ್ಮ. “ಮೊದಲು ನೀನು ಒಳಗೆ ಬಾ. ಎರಡು ಅಕ್ಕಿರೊಟ್ಟಿ ತಿನ್ನು, ಮಗ.”

ಅವರು ಫಾದರ್ ಎನ್ನುವುದನ್ನು ಅವಳು ಮರೆತೇಬಿಟ್ಟಿದ್ದಳು.