ಮೂರನೇ ಮಹಡಿಯಲ್ಲಿ ಕಾಲು ಇಳಿಬಿಡುವುದೆಲ್ಲಿ?

ಕಟ್ಟಡ ಪರಂಪರೆ ರಕ್ಷಣಾ ಸಮಿತಿಯ ಮಾನ್ಯ ಅಧ್ಯಕ್ಷರೇ,

ಮೊಳಕಾಲ್ಮೂರಿನ ನೇಕಾರ ನಿಲಯದ ಮೂರನೇ ಮಹಡಿಯಲ್ಲಿ ಉಂಡು, ಕೆಳಗೆ ನೆಲಕ್ಕಿಳಿದು ನೇಯುವ ಸುಲೋಚನಮ್ಮನ ಅನಂತ ನಮಸ್ಕಾರಗಳು. ತಾವು ಕಳೆದ ವಾರ ಚಳ್ಳಕೆರೆಯಿಂದ ದಯಮಾಡಿಸಿ, ನಮ್ಮ ಕಟ್ಟಡವನ್ನು ಆಧುನಿಕ ವಾಸ್ತುಶಿಲ್ಪದ ಅಪರೂಪದ ರತ್ನವೆಂದು ಸಾರಿದಿರಿ. ಇಷ್ಟು ವರ್ಷ ಸೋರುವ ಸೂರಿನಡಿ ಬಿಂದಿಗೆ ಇಟ್ಟ ನಮಗೆ, ಅದು ರತ್ನದಿಂದ ತೊಟ್ಟಿಕ್ಕುತ್ತಿದ್ದ ನೀರೆಂದು ತಿಳಿದು ಸಂತೋಷವಾಯಿತು.

ಐವತ್ತು ವರ್ಷಗಳ ಹಿಂದೆ ರಾಜಧಾನಿಯ ವಾಸ್ತುಶಿಲ್ಪಿಯೊಬ್ಬರು ನೇಕಾರರಿಗೆಂದೇ ಇದನ್ನು ಕಟ್ಟಿಸಿದರು. ಗಾಳಿ, ಬೆಳಕು, ನೇರ ಗೆರೆ, ಬೋಳು ಗೋಡೆ ಎಲ್ಲವನ್ನೂ ನೆನೆದ ಆ ಪುಣ್ಯಾತ್ಮರು ನೇಕಾರರ ಕಾಲನ್ನು ಮಾತ್ರ ಮರೆತರು. ನಮ್ಮದು ಗುಂಡಿ ಮಗ್ಗ; ನೆಲದಲ್ಲಿ ಗುಂಡಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ತುಳಿಯುತ್ತ ನೇಯುವಂಥದ್ದು. ಬೀಗದ ಕೈ ಕೊಟ್ಟ ದಿನ ನಮ್ಮತ್ತೆ ಸೂರಮ್ಮ, "ಮನೆ ಚೆಂದಾಗೈತೆ ಸ್ವಾಮೀ, ಕಾಲು ಎಲ್ಲಿಗೆ ಬಿಡ್ಲಿ? ಕೆಳಗ್ನೋರ ತಲೆ ಮ್ಯಾಲಾ?" ಎಂದು ಕೇಳಿದರಂತೆ. ವಾಸ್ತುಶಿಲ್ಪಿಗಳು ನಕ್ಕು, ಅತ್ತೆಯ ಜೊತೆ ಫೋಟೊ ತೆಗೆಸಿಕೊಂಡರಂತೆ.

ಪುಣ್ಯಕ್ಕೆ, ಮನೆಗಳನ್ನೆಲ್ಲ ಮೇಲೆತ್ತಿ ಕೆಳಗೆ ಬರೀ ಕಂಬ ನಿಲ್ಲಿಸಿದ್ದರು. ಅತ್ತೆ ಮರುದಿನವೇ ಎರಡು ಕಂಬಗಳ ನಡುವೆ ಗುಂಡಿ ತೋಡಿದರು, ಉಳಿದವರೂ ತೋಡಿದರು. ಅತ್ತೆಯ ಹಿಮ್ಮಡಿ ಸವೆಸಿದ ಜಾಗದಲ್ಲೇ ಈಗ ನನ್ನ ಹಿಮ್ಮಡಿ ಕೂರುತ್ತದೆ.

ಈ ಗುಂಡಿಗಳು ಮೂಲ ನಕ್ಷೆಯಲ್ಲಿಲ್ಲವಾದ್ದರಿಂದ, ಸೋಮವಾರ ಕಾಂಕ್ರೀಟು ತುಂಬಿ ಕಟ್ಟಡದ ಮೂಲ ಸೌಂದರ್ಯವನ್ನು ಮರಳಿಸುವುದಾಗಿ ತಾವು ನೋಟೀಸು ಅಂಟಿಸಿದ್ದೀರಿ. ನ್ಯಾಯವೇ. ಮೂಲ ನಕ್ಷೆಯಲ್ಲಿ ನಾವೂ ಇರಲಿಲ್ಲ. ಆದರೆ ಈ ಗುಂಡಿ ಹೋದರೆ ನನಗೆ ಬೇರೆ ಕಸುಬಿಲ್ಲ. ಆದ್ದರಿಂದ ತಾವು ಮೂರನೇ ಮಹಡಿಗೆ ಎರಡು ಮೊಳ ಆಳದ ಭೂಮಿಯನ್ನು ಮಂಜೂರು ಮಾಡಬೇಕು; ಅದಾಗದಿದ್ದರೆ, ನಮ್ಮ ಕೆಳಮನೆಯ ಮಾರಯ್ಯನವರು ದಿನವಿಡೀ ನನ್ನ ಪಾದಗಳನ್ನು ನೆತ್ತಿಯ ಮೇಲೆ ಧರಿಸತಕ್ಕದ್ದೆಂದು ಲಿಖಿತ ಆದೇಶ ಹೊರಡಿಸಬೇಕು. ಅವರದು ಬೋಳುತಲೆ, ಕಾಲು ಜಾರದಂತೆ ಒಂದು ಟೋಪಿಯನ್ನೂ ಒದಗಿಸಬೇಕೆಂದು ಪ್ರಾರ್ಥನೆ.

ಗುಂಡಿಯಲ್ಲಿ ಕಾಲಿಟ್ಟುಕೊಂಡೇ ಬರೆದ,
ತಮ್ಮ ವಿಶ್ವಾಸಿ,
ಸುಲೋಚನಮ್ಮ

ತಾ.ಕ.: ತಮ್ಮ ಮಗಳ ಮದುವೆಗೆಂದು ತಾವೇ ಹೇಳಿಹೋದ ಧಾರೆ ಸೀರೆ ಇದೇ ಮಗ್ಗದ ಮೇಲಿದೆ. ಅರ್ಧ ನೇಯ್ದಾಗಿದೆ, ಸೆರಗು ಬಾಕಿ. ಸೋಮವಾರ ಕಾಂಕ್ರೀಟು ಬರುವುದೇ ಆದರೆ, ಮದುಮಗಳಿಗೆ ಉಳಿದರ್ಧಕ್ಕೆ ಮೂಲ ನಕ್ಷೆಯನ್ನೇ ಸುತ್ತಬಹುದು. ಕಾಗದ ಇನ್ನೂ ಗಟ್ಟಿಯಾಗಿಯೇ ಇದೆಯಂತೆ.